ಬೆಟ್ಟದ ದಾರಿಯಲ್ಲಿ ಸೈಕಲ್: ನೋಡುವುದು ಮತ್ತು ಏರುವುದು



ಪ್ರತಿವರ್ಷ ಬೇಸಿಗೆಯಲ್ಲಿ, ಸಾಮಾನ್ಯವಾಗಿ ಜುಲೈ ತಿಂಗಳಿನಲ್ಲಿ, ಫ್ರಾನ್ಸ್ ದೇಶದ ರಸ್ತೆಗಳಲ್ಲಿ ಸುಮಾರು 180 ಮಂದಿ ಸೈಕಲ್ ಸವಾರರು ಮೂರು ವಾರಗಳ ಕಾಲ ಪೈಪೋಟಿ ನಡೆಸುತ್ತಾರೆ. ಇದೇ ಟೂರ್ ಡಿ ಫ್ರಾನ್ಸ್. ಒಟ್ಟು 21 ಹಂತಗಳು, ನಡುವೆ ಎರಡು ದಿನ ವಿಶ್ರಾಂತಿ, ಕ್ರಮಿಸುವ ದೂರ ಹೆಚ್ಚುಕಡಿಮೆ ಮೂರೂವರೆ ಸಾವಿರ ಕಿಲೋಮೀಟರ್. ದಿನದಿನದ ಸಮಯವನ್ನು ಕೂಡಿಸುತ್ತಾ ಹೋಗುತ್ತಾರೆ. ಕೊನೆಗೆ ಯಾರ ಒಟ್ಟು ಸಮಯ ಎಲ್ಲರಿಗಿಂತ ಕಡಿಮೆಯೋ ಅವರೇ ವಿಜೇತರು. ಅಲ್ಲಿಯವರೆಗೆ, ಅಂದಂದಿನ ಲೆಕ್ಕದಲ್ಲಿ ಮುಂದಿರುವವರಿಗೆ ಹಳದಿ ಅಂಗಿ. ಫ್ರಾನ್ಸಿನಲ್ಲಿ ಸಂಜೆ ಐದೂವರೆಯ ವೇಳೆಗೆ ದಿನದ ಓಟ ಮುಗಿಯುವಾಗ ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತು ಗಂಟೆ, ಊಟದ ಸಮಯ.

ಟಿ.ವಿ.ಯಲ್ಲಿ ಇದನ್ನು ನೋಡುತ್ತಾ ಕುಳಿತಿದ್ದರೆ ಮನೆಯ ಹಿರಿಯರು ಯಾರಾದರೂ ಕೇಳಿಯೇ ಕೇಳುತ್ತಾರೆ: "ನಾಲ್ಕು ಗಂಟೆ ಹೊತ್ತು ಪೆಡಲು ತುಳಿಯುವುದರಲ್ಲಿ ನೋಡುವುದೇನಿದೆ?" ಪ್ರಶ್ನೆ ನ್ಯಾಯವಾದದ್ದೇ. ಬಯಲು ಸೀಮೆಯ ಹಂತಗಳಲ್ಲಿ ಬಹಳ ಹೊತ್ತು ಏನೂ ನಡೆಯುವುದಿಲ್ಲ. ಹೆಲಿಕಾಪ್ಟರಿನಿಂದ ತೆಗೆದ ಕೋಟೆಗಳು, ಸೂರ್ಯಕಾಂತಿ ಹೊಲಗಳು ಸೊಗಸಾಗಿ ಕಾಣುತ್ತವೆ, ಅಷ್ಟೆ. ಆದರೆ ಬೆಟ್ಟದ ದಿನ ಬಂದಾಗ ಆಟದ ನಿಯಮವೇ ಬದಲಾಗುತ್ತದೆ. ಆ ದಿನವನ್ನು ಹೇಗೆ ನೋಡಬೇಕು, ಮತ್ತು ನಿಮ್ಮದೇ ಸೈಕಲ್ಲಿನಲ್ಲಿ ಒಂದು ಬೆಟ್ಟವನ್ನು ಹವ್ಯಾಸಕ್ಕಾಗಿ ಏರುವುದು ಹೇಗೆ ಎಂಬ ಎರಡು ಸಂಗತಿಗಳನ್ನು ಹೇಳಲು ಬಯಸುತ್ತೇನೆ. ಎರಡನೆಯದನ್ನು ಒಮ್ಮೆಯಾದರೂ ಮಾಡದೆ ಮೊದಲನೆಯದು ಪೂರ್ತಿ ದಕ್ಕುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲು ಬಯಲಿನ ಲೆಕ್ಕ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರನ ಶಕ್ತಿಯ ಬಹುಪಾಲು ವ್ಯಯವಾಗುವುದು ಗಾಳಿಯನ್ನು ಸೀಳುವುದಕ್ಕೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ವೇಗ ಇಮ್ಮಡಿಯಾದರೆ ಬೇಕಾಗುವ ಸಾಮರ್ಥ್ಯ ಎಂಟು ಮಡಿ. ಆದ್ದರಿಂದ ಮುಂದಿನವನ ಬೆನ್ನಿಗೆ ಅಂಟಿಕೊಂಡಂತೆ ಸಾಗಿದರೆ ಹಿಂದಿನವನಿಗೆ ದೊಡ್ಡ ಉಳಿತಾಯ. ನೂರೈವತ್ತು ಜನರ ಗುಂಪಿನ ನಡುವೆ ಅವಿತುಕೊಂಡವನಿಗಂತೂ ಹಬ್ಬ. ಎಷ್ಟೇ ಬಲಶಾಲಿಯಾದರೂ ಒಬ್ಬಂಟಿಯಾಗಿ ಆ ಗುಂಪಿನಿಂದ ತಪ್ಪಿಸಿಕೊಂಡು ಹೋಗುವುದು ಕಷ್ಟ.

ಈಗ ಅದೇ ಗುಂಪು ಆಲ್ಪ್ಸ್ ಪರ್ವತದ ಬುಡಕ್ಕೆ ಬರಲಿ. ವೇಗ 20 ಕಿಲೋಮೀಟರಿಗೆ ಇಳಿಯುತ್ತದೆ. ವೇಗ ಅರ್ಧವಾದದ್ದರಿಂದ ಗಾಳಿಗೆ ತೆರಬೇಕಾದ ಸಾಮರ್ಥ್ಯ ಎಂಟನೆಯ ಒಂದು ಪಾಲಿಗೆ ಕುಸಿಯಿತು. ಆ ಜಾಗಕ್ಕೆ ಗುರುತ್ವಾಕರ್ಷಣೆ ಬಂದು ಕೂತಿತು. ಗುರುತ್ವದಿಂದ ಬೇರೆಯವರ ಬೆನ್ನ ಹಿಂದೆ ಅಡಗಲಾಗುವುದಿಲ್ಲ. ಪ್ರತಿಯೊಬ್ಬನೂ ತನ್ನ ತೂಕವನ್ನು ತಾನೇ ಎತ್ತಬೇಕು. ಬಯಲಿನಲ್ಲಿ ಒಂದೇ ಮುದ್ದೆಯಂತಿದ್ದ ಗುಂಪು ಹತ್ತು ನಿಮಿಷದಲ್ಲಿ ಬಿಡಿಬಿಡಿಯಾಗಿ, ಒಬ್ಬೊಬ್ಬರಾಗಿ ಹರಿದುಹೋಗುವುದು ಇದೇ ಕಾರಣಕ್ಕೆ. ಎತ್ತರದ, ದೊಡ್ಡ ತೊಡೆಗಳ ವೇಗದ ಸವಾರರು ಹಿಂದೆ ಬೀಳುತ್ತಾರೆ. ಐವತ್ತೇಳು, ಅರವತ್ತು ಕಿಲೋ ತೂಗುವ ಸಣಕಲು ದೇಹದವರು ಮುಂದೆ ಬರುತ್ತಾರೆ. ಇಟಲಿಯ ಮಾರ್ಕೊ ಪಂತಾನಿ ಅಂಥ ಸವಾರ.

ಆದರೆ ಪರದೆಯ ಮೇಲೆ ನೋಡುವಾಗ ಒಂದು ತೊಡಕಿದೆ. ಕ್ಯಾಮೆರಾದೊಂದಿಗೆ ಅನೇಕ ವರ್ಷ ಕೆಲಸ ಮಾಡಿದವನಾಗಿ ಇದನ್ನು ಹೇಳಲೇಬೇಕು: ದೂರದರ್ಶನಕ್ಕೆ ಏರನ್ನು ತೋರಿಸಲು ಬರುವುದಿಲ್ಲ. ಈ ಓಟದ ಚಿತ್ರೀಕರಣ ನಡೆಯುವುದು ಹೀಗೆ. ಒಬ್ಬರು ಮೋಟಾರ್ ಸೈಕಲ್ ಓಡಿಸುತ್ತಾರೆ, ಹಿಂದೆ ಕುಳಿತವರು ಭುಜದ ಮೇಲೆ ಕ್ಯಾಮೆರಾ ಹಿಡಿದಿರುತ್ತಾರೆ. ಅವರ ಸಂಕೇತಗಳು ಮೇಲೆ ಹಾರುವ ಹೆಲಿಕಾಪ್ಟರಿಗೋ ವಿಮಾನಕ್ಕೋ ಹೋಗಿ, ಅಲ್ಲಿಂದ ನೆಲಕ್ಕೆ ಇಳಿದು, ಬಳಿಕ ನಮ್ಮ ಮನೆಗೆ ಬರುತ್ತವೆ. ಆ ಮೋಟಾರ್ ಸೈಕಲ್ ಅದೇ ಏರಿನ ಮೇಲೆಯೇ ಇರುತ್ತದಲ್ಲವೇ? ರಸ್ತೆ ಎಷ್ಟು ಓರೆಯೋ ಕ್ಯಾಮೆರಾವೂ ಅಷ್ಟೇ ಓರೆ. ಚೌಕಟ್ಟಿನೊಳಗೆ ರಸ್ತೆ ಸಮತಟ್ಟಾಗಿ ಕಾಣುತ್ತದೆ. "ಶೇಕಡ 8ರ ಏರು" ಎಂದು ವೀಕ್ಷಕ ವಿವರಣೆಗಾರರು ಹೇಳುತ್ತಾರೆ. ನಮಗೆ ಕಾಣುವುದು ಮಾತ್ರ ಒಂದು ಸಾದಾ ರಸ್ತೆ.

ಇದಕ್ಕೆ ಉಪಾಯವೊಂದಿದೆ. ರಸ್ತೆಬದಿಯ ಮನೆಗಳ ಗೋಡೆಗಳನ್ನು ನೋಡಿ. ಗೋಡೆ ಯಾವಾಗಲೂ ನೆಟ್ಟಗೆ ನಿಂತಿರುತ್ತದೆ. ಗೋಡೆಗೂ ರಸ್ತೆಗೂ ನಡುವಿನ ಕೋನ ತೊಂಬತ್ತು ಡಿಗ್ರಿಯಿಂದ ಎಷ್ಟು ತಪ್ಪಿದೆಯೋ ಅದೇ ನಿಜವಾದ ಏರು. ಶೇಕಡ 8ರ ಏರೆಂದರೆ ಅದು ನಾಲ್ಕೂವರೆ ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೇ. ಕೋನಮಾಪಕದಲ್ಲಿ ಅಲ್ಪವೆನಿಸುವ ಇದು ಕಾಲಿಗೆ ಅಲ್ಪವಲ್ಲ. ಮನೆ ಇಲ್ಲದ ಕಡೆ ಸವಾರರ ಮೈಯನ್ನು ಓದಬೇಕು. ಮುಚ್ಚಿದ್ದ ಬಾಯಿ ತೆರೆದುಕೊಂಡಿತೇ? ಅಂಗಿಯ ಗುಂಡಿಸರ ಕೆಳಗಿಳಿಯಿತೇ? ಸ್ಥಿರವಾಗಿದ್ದ ಭುಜಗಳು ಎಡಕ್ಕೂ ಬಲಕ್ಕೂ ತೂಗಲಾರಂಭಿಸಿದವೇ? ಹಿಂದಿನವನ ಮುಂಗಾಲಿಗೂ ಮುಂದಿನವನ ಹಿಂಗಾಲಿಗೂ ನಡುವೆ ಒಂದು ಮೊಳದ ಅಂತರ ಬಿದ್ದಿತೇ? ಆ ಒಂದು ಮೊಳವೇ ಅನೇಕ ಸಲ ಇಡೀ ಓಟದ ತೀರ್ಮಾನ. ಗಮನವಿಟ್ಟು ನೋಡುವವರಿಗೆ ಅದು ವಿವರಣೆಗಾರರು ಹೇಳುವ ಮೊದಲೇ ಕಾಣುತ್ತದೆ.

ಅಂದಹಾಗೆ, ಚಿತ್ರೀಕರಿಸುವ ಮೋಟಾರ್ ಸೈಕಲ್ ಬರಿಯ ಸಾಕ್ಷಿಯಲ್ಲ. ಅದು ಸವಾರನ ಮುಂದೆ ತೀರ ಹತ್ತಿರ ಹೋದರೆ ಅವನಿಗೆ ಗಾಳಿ ತಡೆದುಕೊಟ್ಟಂತಾಗುತ್ತದೆ. 2016ರ ಜುಲೈ 14ರಂದು ಮಾಂ ವಾಂತೂ ಪರ್ವತದ ಮೇಲೆ ಇನ್ನೂ ವಿಚಿತ್ರ ನಡೆಯಿತು. ಜನಸಂದಣಿ ರಸ್ತೆಗೇ ನುಗ್ಗಿ ಮೋಟಾರ್ ಸೈಕಲ್ ನಿಂತುಬಿಟ್ಟಿತು. ಹಿಂದಿದ್ದ ಸವಾರರು ಅದಕ್ಕೆ ಡಿಕ್ಕಿ ಹೊಡೆದರು. ಹಳದಿ ಅಂಗಿಯ ಕ್ರಿಸ್ ಫ್ರೂಮ್ ತನ್ನ ಸೈಕಲ್ ಮುರಿದುಹೋಗಲು, ಬೇರೆ ಸೈಕಲ್ ಬರುವವರೆಗೆ ಕಾಯಲಾರದೆ ಬರಿಗಾಲಲ್ಲದಿದ್ದರೂ ಬರಿಗೈಯಲ್ಲಿ ಬೆಟ್ಟದ ಮೇಲಕ್ಕೆ ಓಡಿದ. ಸೈಕಲ್ ಓಟದಲ್ಲಿ ಸೈಕಲ್ ಇಲ್ಲದೆ ಓಡುವ ನಾಯಕನನ್ನು ಜಗತ್ತು ನೋಡಿತು. ನಮ್ಮ ವೃತ್ತಿಯವರು ನೆನಪಿಡಬೇಕಾದ ಘಟನೆ ಅದು.

ಇನ್ನು ಬೆಟ್ಟದ ಲೆಕ್ಕ. ಆಲ್ಪ್ ದುಯೆಜ್ ಎಂಬ ಪ್ರಸಿದ್ಧ ಏರನ್ನು ತೆಗೆದುಕೊಳ್ಳೋಣ. 1952ರಲ್ಲಿ ಮೊದಲ ಬಾರಿಗೆ ಟೂರ್ ಅಲ್ಲಿಗೆ ಹೋದಾಗ ಗೆದ್ದವನು ಇಟಲಿಯ ಫೌಸ್ಟೊ ಕೊಪ್ಪಿ. 13.8 ಕಿಲೋಮೀಟರ್ ದೂರ, 21 ಕಡಿದಾದ ತಿರುವುಗಳು. ತಿರುವುಗಳಿಗೆ ಕೆಳಗಿನಿಂದ 21, 20, 19 ಎಂದು ಇಳಿಮುಖವಾಗಿ ಸಂಖ್ಯೆ ಹಾಕಿದ್ದಾರೆ. ಏರುವವರಿಗೆ ಇನ್ನೆಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಬುಡದಿಂದ ತುದಿಗೆ ಎತ್ತರ ಸುಮಾರು 1,100 ಮೀಟರ್. ಸವಾರ, ಸೈಕಲ್, ನೀರು ಎಲ್ಲ ಸೇರಿ 75 ಕಿಲೋ ಎಂದುಕೊಳ್ಳಿ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನು ಗುಣಿಸಿದರೆ ಎಂಟು ಲಕ್ಷ ಜೂಲ್‌ಗಳಿಗೆ ಸ್ವಲ್ಪ ಹೆಚ್ಚು. ಗಾಳಿ ಮತ್ತು ಟೈರುಗಳ ಘರ್ಷಣೆಯನ್ನು ಸದ್ಯಕ್ಕೆ ಬಿಟ್ಟುಬಿಡೋಣ.

ಪಳಗಿದ ವೃತ್ತಿಪರ ಸವಾರ ಇದನ್ನು ಸುಮಾರು 40 ನಿಮಿಷದಲ್ಲಿ ಏರುತ್ತಾನೆ. ಎಂಟು ಲಕ್ಷವನ್ನು 2,400 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 335 ವಾಟ್. ನಮ್ಮ ಮನೆಗಳ ಹಳೆಯ ಸೀಲಿಂಗ್ ಫ್ಯಾನ್ ಒಂದಕ್ಕೆ ಸುಮಾರು 75 ವಾಟ್ ಬೇಕು. ನಾಲ್ಕು ಫ್ಯಾನುಗಳನ್ನು ಮುಕ್ಕಾಲು ಗಂಟೆ ತಿರುಗಿಸುವಷ್ಟನ್ನು ಎರಡು ಕಾಲುಗಳು ಕೊಡುತ್ತವೆ! ಅದೇ ತೂಕದ ಹವ್ಯಾಸಿಯೊಬ್ಬ ಎರಡು ಗಂಟೆ ತೆಗೆದುಕೊಂಡರೆ ಅವನಿಗೆ ಬೇಕಾದದ್ದು 112 ವಾಟ್ ಮಾತ್ರ. ಈಗ ಈ ಲೆಕ್ಕದ ಮುಖ್ಯ ಅಂಶವನ್ನು ಗಮನಿಸಿ. ಇಬ್ಬರೂ ಮಾಡಿದ ಕೆಲಸ ಒಂದೇ, ಅದೇ ಎಂಟು ಲಕ್ಷ ಜೂಲ್. ವ್ಯತ್ಯಾಸ ಸಮಯದಲ್ಲಿ. ಕ್ರಿಕೆಟ್ ಪ್ರೇಮಿಗೆ ತುಂಬಿದ ಕ್ರೀಡಾಂಗಣದಲ್ಲಿ ವಿಶ್ವಖ್ಯಾತ ಬೌಲರನ ಎದುರು ಬ್ಯಾಟು ಹಿಡಿಯುವ ಅವಕಾಶ ಸಿಗುವುದಿಲ್ಲ. ಸೈಕಲ್ ಪ್ರೇಮಿಗೆ ಮಾತ್ರ ಅದೇ ರಸ್ತೆ, ಅದೇ ತಿರುವು, ಅದೇ ಜೂಲ್‌ಗಳು. ಓಟ ಇಲ್ಲದ ದಿನ ಆ ರಸ್ತೆಯಲ್ಲಿ ಹವ್ಯಾಸಿಗಳು ಮುಂಜಾನೆಯಿಂದಲೇ ಏರುತ್ತಿರುತ್ತಾರೆ.

ನಿಮ್ಮ ಸಾಮರ್ಥ್ಯವನ್ನು ತಿಳಿಯಲು ಆಲ್ಪ್ಸ್‌ಗೆ ಹೋಗಬೇಕಾಗಿಲ್ಲ. ಕಾಲೇಜಿನ ಮೆಟ್ಟಿಲು ಸಾಕು. ಒಂದು ಮೆಟ್ಟಿಲಿನ ಎತ್ತರ ಅಳೆದು ಮೆಟ್ಟಿಲುಗಳ ಸಂಖ್ಯೆಯಿಂದ ಗುಣಿಸಿ. 50 ಕಿಲೋ ತೂಗುವ ವಿದ್ಯಾರ್ಥಿನಿ 9 ಮೀಟರ್ ಎತ್ತರವನ್ನು 20 ಸೆಕೆಂಡಿನಲ್ಲಿ ಹತ್ತಿದರೆ ಅವಳ ಸಾಮರ್ಥ್ಯ ಸುಮಾರು 220 ವಾಟ್. ಆಕೆ ಏದುಸಿರು ಬಿಡುತ್ತಾ ಮೇಲೆ ನಿಂತಾಗ ಕೇಳಿ: ಇದನ್ನೇ ಇನ್ನು ನಲವತ್ತು ನಿಮಿಷ ಮುಂದುವರಿಸುತ್ತೀಯಾ? ಮಹಾ ಸವಾರರು ಎಂದರೇನೆಂದು ಆಗ ತಿಳಿಯುತ್ತದೆ.

ಸರಿ, ಒಂದು ನಿಜವಾದ ಬೆಟ್ಟ ಏರುವ ಮನಸ್ಸಾಯಿತು ಎನ್ನೋಣ. ಬೆಂಗಳೂರಿನ ಹವ್ಯಾಸಿಗಳು ಭಾನುವಾರ ನಸುಕಿನಲ್ಲಿ ನಂದಿಬೆಟ್ಟಕ್ಕೆ ಹೋಗುತ್ತಾರೆ. ಅದರ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಇದ್ದರೂ ಬುಡವೇ ಎತ್ತರದ ಪ್ರಸ್ಥಭೂಮಿಯಲ್ಲಿರುವುದರಿಂದ ಏರಬೇಕಾದದ್ದು ಆಲ್ಪ್ ದುಯೆಜ್‌ನ ಅರ್ಧಕ್ಕಿಂತ ಕಡಿಮೆ. ಪಳಗಿದವರಿಗೆ ನೀಲಗಿರಿಯ ಕಲ್ಲಟ್ಟಿ ಘಾಟಿ ಇದೆ. ಮಸಿನಗುಡಿಯ ಕಡೆಯಿಂದ ಊಟಿಗೆ 36 ತಿರುವುಗಳು. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಎಂಬ ಹವ್ಯಾಸಿಗಳ ಸೈಕಲ್ ಯಾತ್ರೆಯಲ್ಲಿ ಹೆಸರು ಮಾಡಿದ ಏರು ಅದು. ನಿಮ್ಮ ಊರಿನ ದೇವಸ್ಥಾನದ ಗುಡ್ಡವಾದರೂ ಅಡ್ಡಿಯಿಲ್ಲ. ಮೊದಲು ಏರನ್ನು ಅಳೆಯಿರಿ. ಒಂದು ಮೀಟರ್ ಉದ್ದದ ಮರದ ಪಟ್ಟಿ, ಗಾರೆ ಕೆಲಸದವರ ಬಳಿಯಿರುವ ರಸಮಟ್ಟ, ಒಂದು ಅಳತೆಗೋಲು ಇಷ್ಟು ಸಾಕು. ಪಟ್ಟಿಯ ಒಂದು ತುದಿಯನ್ನು ರಸ್ತೆಗೆ ತಾಗಿಸಿ ಇನ್ನೊಂದನ್ನು ಮಟ್ಟ ಬರುವವರೆಗೆ ಎತ್ತಿ. ಆ ತುದಿಯ ಕೆಳಗೆ 8 ಸೆಂಟಿಮೀಟರ್ ಸಂದು ಬಿದ್ದರೆ ಏರು ಶೇಕಡ 8. ಸರ್ವೆ ಆಫ್ ಇಂಡಿಯಾದ ನಕ್ಷೆ ಸಿಕ್ಕರೆ ಸಮೋನ್ನತಿ ರೇಖೆಗಳಿಂದ ಇಡೀ ದಾರಿಯ ಏರನ್ನು ಮನೆಯಲ್ಲೇ ಕುಳಿತು ಲೆಕ್ಕ ಹಾಕಬಹುದು. ಭೂಗೋಳದ ಪಾಠ ಕಾಲಿಗೆ ಇಳಿಯುವುದು ಹೀಗೆ.

"ನಮ್ಮದು ಗೇರ್ ಇಲ್ಲದ ಸಾದಾ ಸೈಕಲ್" ಎಂದು ಅನೇಕರು ಹೇಳಬಹುದು. ಗೇರ್ ಇದ್ದರೆ ಅನುಕೂಲವೇ: ಮುಂದಿನ ಹಲ್ಲುಚಕ್ರ ಚಿಕ್ಕದು, ಹಿಂದಿನದು ದೊಡ್ಡದು ಮಾಡಿಕೊಂಡರೆ ಒಂದೊಂದು ತುಳಿತಕ್ಕೆ ಸೈಕಲ್ ಚಲಿಸುವ ದೂರ ಕಡಿಮೆಯಾಗುತ್ತದೆ, ತುಳಿಯಲು ಬೇಕಾದ ಬಲವೂ ಕಡಿಮೆಯಾಗುತ್ತದೆ. ಜೂಲ್‌ಗಳೇನೂ ಕಡಿಮೆಯಾಗುವುದಿಲ್ಲ. ಸನ್ನೆಗೋಲಿನ ತತ್ವ ನಿಮಗೆ ಗೊತ್ತೇ ಇದೆ. ಆದರೆ ಒಂದು ವಿಷಯ ಕೇಳಿ. 1903ರಲ್ಲಿ ಆರಂಭವಾದ ಟೂರ್‌ನಲ್ಲಿ ಓಡುತ್ತಲೇ ಸರಪಳಿ ಬದಲಿಸುವ ಗೇರ್‌ಗೆ ಅನುಮತಿ ದೊರೆತದ್ದು 1937ರಲ್ಲಿ. ಅದುವರೆಗೆ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಸರಪಳಿ ಏರಿಸುತ್ತಿದ್ದರು. 1910ರಲ್ಲಿ ಮೊದಲ ಬಾರಿಗೆ ಪಿರೆನೀಸ್ ಪರ್ವತಗಳ 2,115 ಮೀಟರ್ ಎತ್ತರದ ಟೂರ್ಮಾಲೆ ಕಣಿವೆದಾರಿಯನ್ನು ಓಟಕ್ಕೆ ಸೇರಿಸಿದಾಗ, ಆ ವರ್ಷ ಇಡೀ ಟೂರ್ ಗೆದ್ದ ಆಕ್ಟೇವ್ ಲಪೀಜ್ ಕೂಡ ಆ ದಾರಿಯ ಒಂದಷ್ಟನ್ನು ಸೈಕಲ್ ತಳ್ಳಿಕೊಂಡು ನಡೆದೇ ಏರಿದ. ಆದ್ದರಿಂದ ಉಸಿರು ಕಟ್ಟಿದಾಗ ನೀವು ಇಳಿದು ನಡೆಯುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಅದೇ ಟೂರ್ಮಾಲೆಯ ಇನ್ನೊಂದು ಕಥೆ 1913ರದು. ಯೂಜೀನ್ ಕ್ರಿಸ್ಟೋಫ್ ಎಂಬ ಸವಾರನ ಮುಂದಿನ ಫೋರ್ಕ್ ಇಳಿಜಾರಿನಲ್ಲಿ ಮುರಿಯಿತು. ದುರಸ್ತಿಯಲ್ಲಿ ಬೇರೆಯವರ ಸಹಾಯ ಪಡೆಯಬಾರದೆಂಬುದು ಅಂದಿನ ನಿಯಮ. ಆತ ಸೈಕಲ್ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು, ಹಳ್ಳಿಯ ಕಮ್ಮಾರಸಾಲೆಯಲ್ಲಿ ತಾನೇ ಕಬ್ಬಿಣ ಕಾಯಿಸಿ ಬಡಿದು ಸರಿಪಡಿಸಿಕೊಂಡ. ಪಕ್ಕದಲ್ಲಿ ಅಧಿಕಾರಿ ಕಾವಲು ನಿಂತಿದ್ದ. ಹುಡುಗನೊಬ್ಬ ತಿದಿ ಒತ್ತಿದನೆಂಬ ಕಾರಣಕ್ಕೆ ಕ್ರಿಸ್ಟೋಫ್‌ಗೆ ದಂಡವೂ ಬಿತ್ತು! ನಿಮಗೆ ಅಂಥ ಕಮ್ಮಾರಿಕೆ ಬೇಡ. ಪಂಕ್ಚರ್ ಹಾಕುವುದು, ಸರಪಳಿ ಕೂರಿಸುವುದು, ಬ್ರೇಕ್ ಬಿಗಿ ಮಾಡುವುದು ಇಷ್ಟು ಕಲಿತು ಹೊರಡಿ. ಒಬ್ಬರೇ ಹೋಗಬೇಡಿ. ಮನೆಯಲ್ಲಿ ದಾರಿ ತಿಳಿಸಿ ಹೋಗಿ.

ಏರುವಾಗ ಅಳತೆಗೋಲು ಒಂದೇ: ಪಕ್ಕದ ಗೆಳೆಯನೊಂದಿಗೆ ಪೂರ್ತಿ ವಾಕ್ಯ ಮಾತಾಡಲು ಸಾಧ್ಯವಾಗಬೇಕು. ಆಗುತ್ತಿಲ್ಲವೆಂದರೆ ವೇಗ ಹೆಚ್ಚಾಯಿತು. ಬಾಯಾರುವ ಮುನ್ನವೇ ಒಂದೊಂದು ಗುಟುಕು ನೀರು ಕುಡಿಯಿರಿ. ಉಳಿದದ್ದನ್ನು ಬೆಟ್ಟವೇ ಕಲಿಸುತ್ತದೆ.

ಇಳಿಯುವುದನ್ನು ಮಾತ್ರ ಬೆಟ್ಟಕ್ಕೆ ಬಿಡಬಾರದು. ಏರಲು ಖರ್ಚು ಮಾಡಿದ ಅಷ್ಟೂ ಶಕ್ತಿ ಈಗ ಮರಳಿ ಬರುತ್ತದೆ. ಅದು ಗಾಳಿಯಲ್ಲಿ ಮತ್ತು ನಿಮ್ಮ ಬ್ರೇಕುಗಳಲ್ಲಿ ಶಾಖವಾಗಿ ಕಳೆಯಬೇಕು. ವೇಗ 30ರಿಂದ 60ಕ್ಕೆ ಏರಿದರೆ ಚಲನಶಕ್ತಿ ನಾಲ್ಕು ಮಡಿ. ವೃತ್ತಿಪರರು ಗಂಟೆಗೆ 80 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಇಳಿಯುವುದು ಪರದೆಯ ಮೇಲೆ ಮೋಹಕವಾಗಿ ಕಾಣುತ್ತದೆ. ಅವರಿಗಾಗಿ ಎದುರು ಬರುವ ವಾಹನಗಳನ್ನೆಲ್ಲ ತಡೆದಿರುತ್ತಾರೆಂಬುದನ್ನು ಪರದೆ ಹೇಳುವುದಿಲ್ಲ. ಹಾಗಿದ್ದೂ 1995ರ ಜುಲೈ 18ರಂದು, 1992ರ ಒಲಿಂಪಿಕ್ ಸ್ವರ್ಣವಿಜೇತ ಫಾಬಿಯೊ ಕಾಸಾರ್ತೆಲ್ಲಿ ಪಿರೆನೀಸ್‌ನ ಒಂದು ಇಳಿಜಾರಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಸತ್ತ. ಅವನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ವೃತ್ತಿಪರ ಓಟಗಳಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 2003ರಲ್ಲಿ, ಇನ್ನೊಬ್ಬ ಸವಾರ ಸತ್ತ ಮೇಲೆ. ನೀವು ಹೆಲ್ಮೆಟ್ ಧರಿಸಿ, ತಿರುವಿನೊಳಗಲ್ಲ, ತಿರುವಿಗೆ ಮೊದಲೇ ಬ್ರೇಕ್ ಹಿಡಿದು, ಎಡಬದಿಯಲ್ಲೇ ನಿಧಾನವಾಗಿ ಇಳಿಯಿರಿ. ಮೇಲೆ ಚಳಿ, ಒಂದು ಕಿಲೋಮೀಟರ್ ಎತ್ತರಕ್ಕೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಬೆವತ ಮೈಗೆ ಗಾಳಿ ಬಡಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದು. ಹಳೆಯ ಸವಾರರು ತುದಿಯಲ್ಲಿ ನಿಂತ ಜನರಿಂದ ದಿನಪತ್ರಿಕೆ ಇಸಿದುಕೊಂಡು ಅಂಗಿಯೊಳಗೆ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಇಂದಿಗೂ ಅಷ್ಟು ಅಗ್ಗದ, ಅಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಈ ಆಟದ ಕಹಿ ಭಾಗವನ್ನು ಮುಚ್ಚಿಟ್ಟು ನಿಮಗೆ ಶಿಫಾರಸು ಮಾಡುವುದು ಸರಿಯಲ್ಲ. 1967ರ ಜುಲೈ 13ರಂದು ಸುಡುಬಿಸಿಲಿನಲ್ಲಿ ಮಾಂ ವಾಂತೂವಿನ ಬೋಳು ಸುಣ್ಣಕಲ್ಲಿನ ನೆತ್ತಿಯ ಬಳಿ ಇಂಗ್ಲಿಷ್ ಸವಾರ ಟಾಮ್ ಸಿಂಪ್ಸನ್ ಕುಸಿದು ಪ್ರಾಣಬಿಟ್ಟ. ವಯಸ್ಸು 29. ಅವನ ದೇಹದಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಸಿಕ್ಕಿತು. ದಣಿವು ಎಂಬುದು ದೇಹ ಬಾರಿಸುವ ಎಚ್ಚರಿಕೆಯ ಗಂಟೆ. ಔಷಧ ಆ ಗಂಟೆಯನ್ನು ಕಟ್ಟಿಹಾಕುತ್ತದೆ, ಬೆಂಕಿಯನ್ನಲ್ಲ. ಮುಂದೆ 1990ರ ದಶಕದಲ್ಲಿ ರಕ್ತದ ಕೆಂಪುಕಣಗಳನ್ನು ಹೆಚ್ಚಿಸುವ ಇ.ಪಿ.ಓ. ಎಂಬ ಹಾರ್ಮೋನು ಬಂತು. 1999ರಿಂದ 2005ರವರೆಗೆ ಸತತ ಏಳು ಬಾರಿ ಗೆದ್ದಿದ್ದ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಅಷ್ಟೂ ವಿಜಯಗಳನ್ನು 2012ರಲ್ಲಿ ಕಿತ್ತುಕೊಳ್ಳಲಾಯಿತು. ಆ ಏಳು ವರ್ಷಗಳ ಪಟ್ಟಿಯಲ್ಲಿ ವಿಜೇತರ ಜಾಗ ಇಂದಿಗೂ ಖಾಲಿ. ಹಾಗಾದರೆ ಯಾಕೆ ನೋಡಬೇಕು ಎಂದು ನೀವು ಕೇಳಬಹುದು. ನಾನು ನೋಡುತ್ತೇನೆ, ಆದರೆ ಅನುಮಾನವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತೇನೆ. ವಾಟ್ ಲೆಕ್ಕ ಬಲ್ಲ ವೀಕ್ಷಕನಿಗೆ ಅತಿಯಾದ ವೇಗ ಕಂಡಾಗ ಚಪ್ಪಾಳೆಗಿಂತ ಮೊದಲು ಪ್ರಶ್ನೆ ಏಳುತ್ತದೆ. ಅದು ಒಳ್ಳೆಯದೇ.

ವಿದ್ಯಾರ್ಥಿನಿಯರಿಗಾಗಿ ಒಂದು ಮಾತು. ಟೂರ್‌ನ ಮಹಿಳಾ ಓಟ ಈಗಿನ ರೂಪದಲ್ಲಿ 2022ರಿಂದ ನಡೆಯುತ್ತಿದೆ. 2024ರ ಆಗಸ್ಟ್ 18ರಂದು ಅದರ ಕೊನೆಯ ಹಂತ ಮುಗಿದದ್ದು ಅದೇ ಆಲ್ಪ್ ದುಯೆಜ್ ಮೇಲೆ. ನೆದರ್ಲೆಂಡ್ಸ್‌ನ ಡೆಮಿ ವೊಲರಿಂಗ್ ಮೊದಲಿಗಳಾಗಿ ತುದಿ ಮುಟ್ಟಿದಳು. ಒಂದು ನಿಮಿಷಕ್ಕೂ ಹೆಚ್ಚು ಕಾಲದ ಬಳಿಕ ಪೋಲೆಂಡಿನ ಕಾಸಿಯಾ ನೀವ್ಯಾದೊಮಾ ಬಂದಳು. ದಿನವನ್ನು ಗೆದ್ದವಳು ವೊಲರಿಂಗ್. ಒಟ್ಟು ಲೆಕ್ಕದಲ್ಲಿ ಟೂರ್ ಗೆದ್ದವಳು ನೀವ್ಯಾದೊಮಾ, ಕೇವಲ 4 ಸೆಕೆಂಡುಗಳಿಂದ. ಎಂಟು ಹಂತಗಳ ಓಟ ಒಂದು ದೀರ್ಘ ಉಸಿರಿನಷ್ಟು ಅಂತರದಲ್ಲಿ ತೀರ್ಮಾನವಾಯಿತು.

ಕೊನೆಯದಾಗಿ, ವಿಜೇತರು ತುದಿ ಮುಟ್ಟಿದ ಕೂಡಲೇ ಟಿ.ವಿ. ಆರಿಸಬೇಡಿ. ಬೆಟ್ಟದ ಕೆಳಗೆ ಇನ್ನೊಂದು ಓಟ ನಡೆದಿರುತ್ತದೆ. ವಿಜೇತನ ಸಮಯದ ಮೇಲೆ ಇಂತಿಷ್ಟು ಶೇಕಡ ಎಂಬ ಗಡುವಿದೆ. ಅದರೊಳಗೆ ಬಾರದವರು ಮರುದಿನ ಹೊರಡುವಂತಿಲ್ಲ. ಬಯಲಿನ ವೇಗದ ಸವಾರರು, ಗಾಯಗೊಂಡವರು, ನಾಯಕನಿಗೆ ನೀರು ಹೊತ್ತು ದಣಿದವರು ಹಿಂದೆ ಒಂದು ಗುಂಪು ಕಟ್ಟಿಕೊಂಡು, ಗಡಿಯಾರ ನೋಡುತ್ತಾ, ಒಬ್ಬರನ್ನೊಬ್ಬರು ಬಿಡದೆ ಬರುತ್ತಾರೆ. ಇಟಲಿಯವರು ಇದನ್ನು 'ಗ್ರುಪೆಟ್ಟೊ' ಎಂದರೆ, ಫ್ರೆಂಚರು ತಮಾಷೆಗೆ 'ಬಸ್ಸು' ಎನ್ನುತ್ತಾರೆ. ಒಂದು ಬೆಟ್ಟವನ್ನು ನಿಧಾನವಾಗಿ ಏರಿದ ಮೇಲೆ ನಿಮ್ಮ ಕಣ್ಣು ತಾನಾಗಿಯೇ ಅವರ ಕಡೆಗೂ ಹೋಗುತ್ತದೆ.

2024ರ ಜುಲೈ 2ರಂದು ಓಟ 2,642 ಮೀಟರ್ ಎತ್ತರದ ಗಾಲಿಬಿಯೆ ದಾಟಿತು. ಹಿಂದೆ ಉಳಿದವರಲ್ಲಿ 39 ವಯಸ್ಸಿನ ಮಾರ್ಕ್ ಕ್ಯಾವೆಂಡಿಷ್ ಇದ್ದ. ಬಯಲಿನ ಕೊನೆಯ ಇನ್ನೂರು ಮೀಟರಿನಲ್ಲಿ ಅವನಿಗೆ ಸಾಟಿಯಿರಲಿಲ್ಲ. ಬೆಟ್ಟವೆಂದರೆ ಅವನಿಗೆ ಪ್ರತಿವರ್ಷದ ಅಗ್ನಿಪರೀಕ್ಷೆಯಾಗಿತ್ತು. ಗಡುವಿನೊಳಗೆ ಮುಟ್ಟಿದ. ಮರುದಿನ, ಜುಲೈ 3ರಂದು, ಸೇಂಟ್ ವುಲ್ಬಾ ಎಂಬ ಊರಿನ ಸಮತಟ್ಟಾದ ರಸ್ತೆಯಲ್ಲಿ ಎಲ್ಲರನ್ನೂ ಹಿಂದಿಕ್ಕಿ ಟೂರ್‌ನಲ್ಲಿ ತನ್ನ 35ನೆಯ ಹಂತವನ್ನು ಗೆದ್ದ. ಎಡ್ಡಿ ಮರ್ಕ್ಸ್‌ನ 34 ಹಂತಗಳ ದಾಖಲೆ, ಸುಮಾರು ಐವತ್ತು ವರ್ಷ ಹಳೆಯದು, ಅಂದು ಮುರಿಯಿತು.